ಅತ್ತೆಗೆ ಮಲ್ಪೆ, ನಿಮ್ಮಿಬ್ಬರಿಗೆ ಹ್ಯಾವ್‌ಲಾಕ್

ಪ್ರಶ್ನೆ: ನನಗೆ 38 ವರ್ಷ, ಹೈಸ್ಕೂಲಿನಲ್ಲಿ ಶಿಕ್ಷಕಿ. ಮದುವೆಯಾದ ಹನ್ನೊಂದನೇ ದಿನಕ್ಕೆ ಮಾವನವರಿಗೆ ಲಕ್ವ ಹೊಡೆಯಿತು. ಊಟಿಗೆ ಹೋಗಲು ತೆಗೆಸಿದ್ದ ಟಿಕೆಟ್ ವಾಪಸ್ ಮಾಡಿದೆವು. ಹನ್ನೆರಡು ವರ್ಷ ಮಾವ ಹಾಸಿಗೆಯಲ್ಲೇ ಇದ್ದರು. ನಾನು, ಅತ್ತೆ ಪಾಳಿ ಹಾಕಿಕೊಂಡು ನೋಡಿಕೊಂಡೆವು. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಈಗ ಚೀಟಿ ಎತ್ತಿದ ಎರಡೂಕಾಲು ಲಕ್ಷ ಕೈಯಲ್ಲಿದೆ. ನಮ್ಮ ಮನೆಯವರು ‘ಈ ಸಲ ಮಾಲ್ಡೀವ್ಸ್‌ಗೆ, ನಾವಿಬ್ಬರೇ’ ಎನ್ನುತ್ತಿದ್ದಾರೆ. ನೀರಿನ ಮೇಲೆ ಕಟ್ಟಿದ ಕೋಣೆಯ ಫೋಟೊಗಳನ್ನು ದಿನಾ ತೋರಿಸುತ್ತಾರೆ. ಮೊನ್ನೆ ಅದನ್ನು ಕೇಳಿಸಿಕೊಂಡ ಅತ್ತೆ, ‘ನಾ ಒಮ್ಮೆನೂ ಸಮುದ್ರ ನೋಡಿಲ್ಲ ನೋಡವ್ವ’ ಅಂದರು. ಅವರಿಗೆ 67 ವರ್ಷ, ಮಂಡಿನೋವು. ಇವರು ಮಾತ್ರ ‘ಅವ್ವನ್ನ ಇನ್ನೊಮ್ಮೆ ಕರಕೊಂಡು ಹೋದರಾತು’ ಅಂತ ಮುಗಿಸಿಬಿಟ್ಟರು. ಹರಿಹರದಲ್ಲಿರುವ ನಾದಿನಿ ಫೋನ್ ಮಾಡಿ ಚುಚ್ಚಿ ಮಾತಾಡಿದಳು. ಅತ್ತೆಯನ್ನು ಬಿಟ್ಟು ಹೋಗಲು ಮನಸ್ಸು ಒಪ್ಪುವುದಿಲ್ಲ. ಕರೆದುಕೊಂಡು ಹೋದರೆ ಇವರ ಮುಖ ಸಪ್ಪಗಾಗುತ್ತದೆ. ಹನ್ನೊಂದು ವರ್ಷದ ಮಗಳೂ ಇದ್ದಾಳೆ. ಎಲ್ಲರೂ ಸೇರಿ ಅಂಡಮಾನ್‌ಗೆ ಹೋಗಿಬಿಡೋಣವೇ? ನನಗಂತೂ ನೀರೆಂದರೆ ಭಯ. ಯಾರೂ ಕೂಗಿ ಕರೆಯದ ಕಡೆ ಮರಳಿನ ಮೇಲೆ ಬರಿಗಾಲಲ್ಲಿ ಒಂದು ಗಂಟೆ ನಡೆದರೆ ಸಾಕು ನನಗೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನಾಲ್ಕು ಪುಟದ ತುಂಬ ಮಾವ, ಅತ್ತೆ, ಮನೆಯವರು, ನಾದಿನಿ, ಮಗಳು. ನಿಮಗೇನು ಬೇಕು ಎಂಬುದು ಕೊನೆಯ ಒಂದು ಸಾಲಿನಲ್ಲಿದೆ, ಅದೂ ‘ಸಾಕು’ ಎಂಬ ಮಾತಿನ ಜೊತೆ. ನಾನು ಆ ಸಾಲನ್ನೇ ಹಿಡಿದು ಉತ್ತರ ಬರೆಯುತ್ತೇನೆ. ಎಲ್ಲಿಗೆ ಹೋಗಬೇಕು ಅನ್ನುವುದು ಅದರಿಂದಲೇ ತೀರ್ಮಾನವಾಗಲಿ.

ಮೊದಲು ಮನೆಯವರ ವಿಷಯ. ಅವರ ಮೇಲೆ ನಿಮಗೆ ಸ್ವಲ್ಪ ಸಿಟ್ಟಿದೆ. ತಾಯಿಯ ಮಾತನ್ನು ಅವರು ಅಷ್ಟು ಹಗುರವಾಗಿ ತೆಗೆದುಹಾಕಿದ್ದು ತಪ್ಪೇ. ಆದರೆ ಹದಿನಾಲ್ಕು ವರ್ಷದ ಹಿಂದೆ ಟಿಕೆಟ್ ವಾಪಸ್ ಮಾಡಲು ಹೋದವರೂ ಅವರೇ ಇರಬೇಕು. ಹೊಸ ಹೆಂಡತಿಯನ್ನು ತಂದು ರೋಗಿಯ ಹಾಸಿಗೆಯ ಪಕ್ಕ ನಿಲ್ಲಿಸಿದೆ ಅನ್ನುವ ನೋವನ್ನು ಗಂಡಸರು ಬಾಯಿಬಿಟ್ಟು ಹೇಳುವುದು ಕಡಿಮೆ. ದಿನಾ ಫೋಟೊ ತೋರಿಸುವ ಆ ಮನುಷ್ಯ ತನಗೆ ಗೊತ್ತಿರುವ ಭಾಷೆಯಲ್ಲಿ ಅದನ್ನೇ ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸಿತು. ಹಾಗಾಗಿ ‘ನಾವಿಬ್ಬರೇ’ ಎಂಬ ಅವರ ಮಾತಿಗೆ ದಯವಿಟ್ಟು ಹೂಂ ಅನ್ನಿ. ‘ಮಾಲ್ಡೀವ್ಸ್’ ಎಂಬ ಮಾತಿಗೆ ಮಾತ್ರ ಕೂತು ಲೆಕ್ಕ ಹಾಕಿ.

ಮಾಲ್ಡೀವ್ಸ್ ಕೆಟ್ಟ ಜಾಗ ಎಂದು ಯಾರೂ ಹೇಳಲಾರರು. ಬೆಂಗಳೂರಿನಿಂದ ವಿಮಾನದಲ್ಲಿ ಎರಡು ಗಂಟೆಯ ಆಸುಪಾಸು, ನಮ್ಮವರಿಗೆ ಅಲ್ಲಿ ಇಳಿದ ಮೇಲೆ ಪುಕ್ಕಟೆ ವೀಸಾ. ಆದರೆ ವಿಮಾನ ಇಳಿಯುವ ಜಾಗ ಮಾಲೆ ಪಟ್ಟಣದ ಪಕ್ಕದ ದ್ವೀಪ. ನಿಮ್ಮ ರೆಸಾರ್ಟ್ ಇರುವುದು ಬೇರೊಂದು ದ್ವೀಪದಲ್ಲಿ, ಅಲ್ಲಿಗೆ ಸ್ಪೀಡ್‌ಬೋಟ್ ಅಥವಾ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ ಹಿಡಿಯಬೇಕು. ಸಣ್ಣ ವಿಮಾನಕ್ಕೆ ಒಬ್ಬರಿಗೇ ನೂರಾರು ಡಾಲರ್. ಅದು ಹಗಲಲ್ಲಿ ಮಾತ್ರ ಹಾರುತ್ತದೆ. ನೀವು ಸಂಜೆ ತಲುಪಿದರೆ ಆ ರಾತ್ರಿ ಮಾಲೆಯಲ್ಲೇ ಕಳೆಯಬೇಕು, ಅದರ ಬಾಡಿಗೆ ಬೇರೆ. 2025ರ ಜನವರಿಯಿಂದ ರೆಸಾರ್ಟಿನಲ್ಲಿ ತಂಗುವ ಒಬ್ಬೊಬ್ಬರಿಗೂ ರಾತ್ರಿಗೆ 12 ಡಾಲರ್ ಹಸಿರು ತೆರಿಗೆ. ಪ್ರವಾಸಿಗಳ ಬಿಲ್ಲಿನ ಮೇಲಿನ ಜಿಎಸ್‌ಟಿ ಅದೇ ವರ್ಷದ ಜುಲೈಯಿಂದ ಶೇ. 17. ಸೇವಾ ಶುಲ್ಕವೆಂದು ಇನ್ನೂ ಶೇ. 10 ಸೇರಿಸುತ್ತಾರೆ. ನಿಮ್ಮ ಮನೆಯವರಿಗೆ ಯಾರಾದರೂ ‘ಮೂರು ರಾತ್ರಿಗೆ ಇಷ್ಟು’ ಎಂದು ಹೇಳಿದ್ದರೆ, ಇವೆಲ್ಲ ಅದರೊಳಗೆ ಇವೆಯೋ ಇಲ್ಲವೋ ಬರೆದು ಕೊಡಿ ಅಂತ ಕೇಳಲಿ. ಊಟದ ಮಾತನ್ನೂ ಕೇಳಲಿ, ರೆಸಾರ್ಟಿನ ದ್ವೀಪದಲ್ಲಿ ಹೊರಗೆ ಹೋಗಿ ತಿಂದು ಬರಲು ಇನ್ನೊಂದು ಹೋಟೆಲಿರುವುದಿಲ್ಲ. ಕಡಿಮೆ ಖರ್ಚಿನ ದಾರಿಯೂ ಇದೆ ಅನ್ನಿ. ಮಾಫುಶಿಯಂಥ, ಜನ ವಾಸಿಸುವ ದ್ವೀಪಗಳಲ್ಲಿ ಗೆಸ್ಟ್‌ಹೌಸ್‌ಗಳಿವೆ. ಆದರೆ ಫೋಟೊದಲ್ಲಿರುವ ನೀರಿನ ಮೇಲಿನ ಕೋಣೆ ಅಲ್ಲಿ ಸಿಗುವುದಿಲ್ಲ.

ಇನ್ನೊಂದು ಮಾತು, ಇದು ನಿಮಗಾಗಿ. ನೀರಿಗೆ ಹೆದರುವವರು ಕಂಬಗಳ ಮೇಲೆ ನಿಂತ ಕೋಣೆಯಲ್ಲಿ ರಾತ್ರಿ ಮಲಗಿದಾಗ ಹಲಗೆಯ ಕೆಳಗೆ ಅಲೆ ಬಡಿಯುವ ಸದ್ದು ಬೆಳಗಿನವರೆಗೂ ಕೇಳುತ್ತಲೇ ಇರುತ್ತದೆ. ಕೆಲವರಿಗೆ ಅದು ಜೋಗುಳ, ನಿಮಗೆ ಆಗಲಾರದು. ನಡೆಯೋಣವೆಂದರೆ ಇಂಥ ಎಷ್ಟೋ ದ್ವೀಪಗಳನ್ನು ಹತ್ತು ಹದಿನೈದು ನಿಮಿಷದಲ್ಲಿ ಸುತ್ತಿ ಮುಗಿಸಬಹುದು. ನೀವು ಕೇಳಿದ್ದು ಒಂದು ಗಂಟೆಯ ನಡಿಗೆ.

ಲಕ್ಷದ್ವೀಪದ ಬಗ್ಗೆ ನೀವು ಕೇಳಿಲ್ಲ. ನನಗೆ ಅದರ ಮೇಲೆ ಮೋಹವಿದೆ. ಅಮಿನಿ, ಕಡಮತ್ ಮೊದಲಾದ ಅಮಿನದೀವಿ ದ್ವೀಪಗಳು 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲಿದ್ದವು. ಅಲ್ಲಿನ ತೆಂಗಿನ ನಾರಿನ ಹುರಿ ಹಾಯಿದೋಣಿಯಲ್ಲಿ ಮಂಗಳೂರಿಗೆ ಬರುತ್ತಿತ್ತು. ಆದರೆ ಹೋಗಲು ಪರವಾನಗಿ ಬೇಕು, ಕೊಚ್ಚಿಯಿಂದ ಹಡಗು ಇಲ್ಲವೇ ಅಗತ್ತಿಗೆ ಸಣ್ಣ ವಿಮಾನ, ಎರಡರಲ್ಲೂ ಸೀಟು ಕಡಿಮೆ. ಶಾಲೆಯ ರಜೆಯ ಲೆಕ್ಕದಲ್ಲೇ ಹೊರಡಬೇಕಾದ ನಿಮಗೆ ಮೊದಲ ಪ್ರವಾಸಕ್ಕೆ ಅದು ಬೇಡ.

ಅಂಡಮಾನ್ ಸರಿ. ಆದರೆ ‘ಎಲ್ಲರೂ ಸೇರಿ’ ಬೇಡ. ಇದನ್ನು ಹೇಳಲು ನನಗೆ ಕಾರಣವಿದೆ.

2019ರ ಫೆಬ್ರವರಿಯಲ್ಲಿ ನನ್ನ ಅಮ್ಮನನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರಿಗೂ ಮಂಡಿನೋವು. ‘ನಡೆಯುವ ಪ್ರಶ್ನೆಯೇ ಇಲ್ಲ ಮೇಡಂ, ಎಲ್ಲ ಕಾರಿನಲ್ಲೇ’ ಎಂದು ಟಿಕೆಟ್ ಮಾಡಿಸಿಕೊಟ್ಟವರು ಹೇಳಿದ್ದರು. ಪೋರ್ಟ್ ಬ್ಲೇರ್‌ನ ಜೆಟ್ಟಿಯಲ್ಲೇ ಆ ಮಾತು ಸುಳ್ಳಾಯಿತು. ಚೀಲ ತಪಾಸಣೆಯ ಸಾಲು, ಆಮೇಲೆ ಬಿಸಿಲಲ್ಲಿ ಉದ್ದದ ಕಟ್ಟೆ, ಅದರ ತುದಿಯಲ್ಲಿ ಹಡಗಿಗೆ ಹಾಕಿದ ಹಲಗೆ. ಅಲೆ ಬಂದಾಗ ಹಲಗೆ ಗೇಣುದ್ದ ಮೇಲೇಳುತ್ತದೆ, ಇಳಿಯುತ್ತದೆ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕಾಲು ಮುಂದಿಟ್ಟು, ಹಿಂದಕ್ಕೆ ತೆಗೆದು, ಮತ್ತೆ ಇಟ್ಟರು. ಹಡಗಿನ ಇಬ್ಬರು ಹುಡುಗರು ಮೊಳಕೈ ಹಿಡಿದು ಹತ್ತಿಸಿಕೊಂಡರು. ನೀಲ್ ದ್ವೀಪದ ಕಲ್ಲಿನ ಕಮಾನು ನೋಡಬೇಕೆಂದರೆ ಇಳಿತದ ಹೊತ್ತಿನಲ್ಲಿ ಪಾಚಿಗಟ್ಟಿದ ಹವಳದ ಬಂಡೆಗಳ ಮೇಲೆ ಕಾಲಿಡಬೇಕು. ಅಮ್ಮ ಎಳನೀರಿನವನ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ‘ನೀನು ನೋಡ್ಕೊಂಡು ಬಾ, ನಾನಿಲ್ಲೇ ಇರ್ತೀನಿ’ ಅಂದರು. ಆ ನಾಲ್ಕು ದಿನ ನಾನು ಅತಿ ಹೆಚ್ಚು ಕೇಳಿದ ಮಾತು ಅದೇ. ನನಗೂ ಯಾವುದನ್ನೂ ನೆಟ್ಟಗೆ ನೋಡಲಾಗಲಿಲ್ಲ, ಕತ್ತು ಹಿಂದಕ್ಕೇ ತಿರುಗುತ್ತಿತ್ತು. ಅವರಿಗೆ ಬೇಕಿದ್ದದ್ದು ಸಮುದ್ರದ ದಡದಲ್ಲಿ ಒಂದು ಕುರ್ಚಿ, ಪಕ್ಕದಲ್ಲಿ ನಾನು. ಅಷ್ಟಕ್ಕೆ ಅಂಡಮಾನ್ ಬೇಕಿರಲಿಲ್ಲ.

ನಿಮ್ಮ ಅತ್ತೆ ‘ಸಮುದ್ರ ನೋಡಿಲ್ಲ’ ಅಂದರು. ‘ನಿಮ್ಮ ಜೊತೆ ಬರುತ್ತೇನೆ’ ಅಂದರು ಎಂದು ನೀವು ಬರೆದಿಲ್ಲ. ಎರಡೂ ಬೇರೆ ಬೇರೆ ಮಾತು. ಹಾಗಾದರೆ ಮೊದಲು ಅವರಿಗೆ ಸಮುದ್ರ ತೋರಿಸಿ. ಈ ‘ಮೊದಲು’ ಅನ್ನುವುದನ್ನು ಬಿಡಬೇಡಿ. ನೀವಿಬ್ಬರು ಹೋಗಿ ಬಂದ ಮೇಲೆ ಎಂದು ಇಟ್ಟುಕೊಂಡರೆ ಅದು ಆಗುವುದಿಲ್ಲ, ದುಡ್ಡು ಬೇರೆ ಯಾವುದಕ್ಕೋ ಹೋಗಿರುತ್ತದೆ.

ಜನವರಿಯಲ್ಲಿ, ನಾಲ್ವರೂ, ಕಾರಿನಲ್ಲಿ ಶಿವಮೊಗ್ಗ, ತೀರ್ಥಹಳ್ಳಿ ಮೇಲೆ ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗಿ. ಅಲ್ಲಿ ಕಾರು ಮರಳಿನ ಅಂಚಿನವರೆಗೂ ಹೋಗುತ್ತದೆ, ಮಂಡಿನೋವಿನವರಿಗೆ ಅದು ದೊಡ್ಡ ವಿಷಯ. ಸಂಜೆ ನಾಲ್ಕರ ಹೊತ್ತಿಗೆ ಒಂದು ಕುರ್ಚಿ ಹಾಕಿಸಿ ಕೂರಿಸಿ, ಪಾದಕ್ಕೆ ಅಲೆ ತಾಗುವಷ್ಟು ಹತ್ತಿರ. ಅಲ್ಲಿಂದ ದೋಣಿಯಲ್ಲಿ ಅರ್ಧ ಗಂಟೆಯೊಳಗೆ ಸೇಂಟ್ ಮೇರೀಸ್ ದ್ವೀಪ. ಇಳಿಯುವಾಗ ದೊಡ್ಡ ದೋಣಿಯಿಂದ ಚಿಕ್ಕದಕ್ಕೆ ದಾಟಬೇಕಾಗಬಹುದು. ಅತ್ತೆಗೆ ಆಗದಿದ್ದರೆ ನೀವು ಅವರ ಪಕ್ಕ ಇದ್ದು, ಅಪ್ಪ ಮಗಳನ್ನು ಕಳಿಸಿ. ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷದ ಹಳೆಯ ಕಲ್ಲುಕಂಬಗಳು ಅಲ್ಲಿವೆ, ಅಳತೆ ಹಿಡಿದು ಕಡೆದ ಹಾಗೆ. ಶಿಕ್ಷಕಿಯ ಮಗಳು ಅದನ್ನು ನೋಡಲೇಬೇಕು. ದಡವೆಲ್ಲ ಚಿಪ್ಪಿನ ಚೂರು, ಚಪ್ಪಲಿ ಬಿಡಬಾರದೆಂದು ಹೇಳಿ ಕಳಿಸಿ. ಸಂಕ್ರಾಂತಿಯ ದಿನವೇ ಹೋದರೆ ಉಡುಪಿಯ ರಥಬೀದಿಯಲ್ಲಿ ಮೂರು ತೇರು ಕಾಣಬಹುದು, ಆದರೆ ಕಾಲಿಡಲು ಜಾಗವಿರದ ಜನ. ಅತ್ತೆಯ ಮಂಡಿ ನೆನಪಿಟ್ಟುಕೊಂಡು ತೀರ್ಮಾನಿಸಿ.

ಈ ಪ್ರವಾಸವನ್ನು ತಿಳಿಸಬೇಕಾದವರು ನಿಮ್ಮ ಮನೆಯವರು. ಅಂದು ತಾಯಿಯ ಮಾತನ್ನು ಕಡಿದವರು ಅವರು, ಜೋಡಿಸಬೇಕಾದವರೂ ಅವರೇ. ‘ಅವ್ವ, ಜನವರಿಗೆ ನಿನ್ನ ಸಮುದ್ರಕ್ಕೆ ಕರಕೊಂಡು ಹೋಗ್ತೀನಿ. ಏಪ್ರಿಲ್‌ನಾಗ ನಾವಿಬ್ಬರು ಐದಾರು ದಿನ ಹೋಗಿ ಬರ್ತೀವಿ’ ಅಂತ ಎರಡನ್ನೂ ಒಂದೇ ಉಸಿರಿನಲ್ಲಿ, ಊಟಕ್ಕೆ ಕೂತಾಗ, ನಿಮ್ಮ ಎದುರಿಗೇ ಹೇಳಲಿ. ನಾದಿನಿಗೆ ಫೋನ್ ಮಾಡಬೇಕಾದವರೂ ಅಣ್ಣನೇ. ‘ಏಪ್ರಿಲ್‌ನಲ್ಲಿ ಒಂದು ವಾರ ಬಂದು ಅವ್ವನ ಜೊತೆ ಇರು’ ಎಂದು ಕೇಳಲಿ. ಹನ್ನೆರಡು ವರ್ಷ ತಂದೆಯನ್ನು ನೋಡಿಕೊಂಡವರು ಯಾರೆಂದು ಆಕೆಗೂ ಗೊತ್ತು. ಒಂದು ವಾರ ಕೇಳಲು ನೀವು ಸಂಕೋಚಪಡಬೇಡಿ. ಮಗಳು ಅಜ್ಜಿಯ ಜೊತೆ ಇರಲಿ, ಮಲ್ಪೆಯ ಪಾಲು ಅವಳಿಗೂ ಸಿಕ್ಕಿರುತ್ತದೆ.

ಏಪ್ರಿಲ್ ಎಂದು ಹೇಳಿದ್ದಕ್ಕೆ ಕಾರಣ, ನಿಮ್ಮ ರಜೆ. ದಸರಾ ರಜೆಯಲ್ಲಿ ಅಂಡಮಾನ್‌ನಲ್ಲಿ ಮಳೆ ಕಾಡುತ್ತದೆ, ಸಮುದ್ರ ಕೆಟ್ಟರೆ ಹಡಗು ನಿಲ್ಲಿಸುತ್ತಾರೆ. ಬೇಸಿಗೆ ರಜೆ ಶುರುವಾದ ತಕ್ಷಣ ಹೊರಡಿ. ಸೆಕೆ ಇರುತ್ತದೆ, ಆದರೆ ಮೇ ತಿಂಗಳ ಮಳೆ ಹಿಡಿಯುವ ಮೊದಲು ಸಮುದ್ರ ಶಾಂತ. ಬೆಂಗಳೂರಿನಿಂದ ನೇರ ವಿಮಾನ ಎರಡೂವರೆ ಗಂಟೆ ಹೆಚ್ಚುಕಡಿಮೆ. ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯಪುರಂ ಎಂದು ಹೆಸರು, ಅಂಡಮಾನ್‌ನದೇ ಇನ್ನೊಂದು ದ್ವೀಪವಾದ ಹ್ಯಾವ್‌ಲಾಕ್‌ಗೆ 2018ರಿಂದಲೇ ಸ್ವರಾಜ್ ದ್ವೀಪ ಎಂದು. ಟಿಕೆಟ್ ಮಾಡಿಸುವಾಗ ಎರಡೂ ಹೆಸರು ಕಂಡರೆ ಗಾಬರಿಯಾಗಬೇಡಿ. ಮೊದಲ ದಿನ ಸೆಲ್ಯುಲರ್ ಜೈಲು ನೋಡಿ. ಆಮೇಲೆ ಮೂರು ರಾತ್ರಿ ಹ್ಯಾವ್‌ಲಾಕ್‌ನಲ್ಲಿ, ಒಂದೇ ಕಡೆ. ನೀಲ್, ಬಾರಾಟಾಂಗ್ ಎಂದು ಪಟ್ಟಿ ಉದ್ದ ಮಾಡಿಕೊಳ್ಳಬೇಡಿ. ಹಿಂದಿರುಗುವ ವಿಮಾನದ ಹಿಂದಿನ ರಾತ್ರಿ ಖಡಾಖಂಡಿತ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಅದೇ ದಿನ ಬೆಳಿಗ್ಗೆ ಹಡಗಿನಲ್ಲಿ ಬಂದು ವಿಮಾನ ಹತ್ತುತ್ತೇವೆ ಅಂದುಕೊಂಡು ಹಡಗು ರದ್ದಾಗಿ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಇಬ್ಬರಿಗೂ ಸೇರಿ ಇದಿಷ್ಟೂ ನಿಮ್ಮ ಚೀಟಿ ದುಡ್ಡಿನ ಸುಮಾರು ಅರ್ಧದಲ್ಲಿ ಆಗಬೇಕು. ಹಡಗಿನಲ್ಲಿ ಹೊಟ್ಟೆ ತೊಳಸಿದಂತಾಗುವವರು ಹತ್ತುವ ಮೊದಲೇ ಮಾತ್ರೆ ತೆಗೆದುಕೊಳ್ಳಬೇಕು, ಯಾವುದೆಂದು ನಿಮ್ಮ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಈಗ ನಿಮ್ಮ ಆ ಸಾಲು. ಹ್ಯಾವ್‌ಲಾಕ್‌ನ ರಾಧಾನಗರ ಬೀಚ್‌ಗೆ ರಸ್ತೆಯಿಂದ ಇಳಿದರೆ ಮೊದಲು ಸಿಗುವುದು ಎತ್ತರದ ಮರಗಳ ನೆರಳು, ಅದನ್ನು ದಾಟಿದರೆ ಮರಳು. ಮಲ್ಪೆಯ ಮರಳಿಗಿಂತ ನುಣುಪು, ಬಿಳಿ, ಕಾಲಿಗೆ ಮೈದಾ ಹಿಟ್ಟಿನಂತೆ ತಾಗುತ್ತದೆ. ಸುಮಾರು ಎರಡು ಕಿಲೋಮೀಟರ್ ಉದ್ದ. ಎಲ್ಲರೂ ಇಳಿಯುವ ಕಡೆಯೇ ಗುಂಪಾಗಿರುತ್ತಾರೆ, ಹತ್ತು ನಿಮಿಷ ನಡೆದರೆ ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳುತ್ತದೆ. ಮೊದಲ ಸಂಜೆ ಒಬ್ಬರೇ ನಡೆಯಿರಿ. ‘ಒಂದು ಗಂಟೆ ನನ್ನನ್ನು ಕರೆಯಬೇಡಿ’ ಅಂತ ಅವರಿಗೆ ಮೊದಲೇ ಹೇಳಿ, ಹದಿನಾಲ್ಕು ವರ್ಷದಲ್ಲಿ ನೀವು ಕೇಳುತ್ತಿರುವ ಮೊದಲ ಗಂಟೆ ಅದು ಎಂದೂ ಹೇಳಿ. ಎರಡನೇ ಸಂಜೆ ಇಬ್ಬರೂ ನಡೆಯಿರಿ. ನೀರಿಗೆ ಇಳಿಯಲೇಬೇಕೆಂದು ಯಾರೇ ಒತ್ತಾಯಿಸಿದರೂ ಇಳಿಯಬೇಡಿ. ಇಳಿದರೂ ಕಾವಲಿನವರು ಇರುವ ಕಡೆ ಮಾತ್ರ, ಅಂಡಮಾನ್‌ನ ನೀರಿನಲ್ಲಿ ಮೊಸಳೆಗಳಿವೆ. ಎಚ್ಚರಿಕೆಯ ಫಲಕ ಇರುವ ಕಡೆಗೆ ಸುಳಿಯಲೇಬೇಡಿ. ಅತ್ತೆಗೆಂದು ಚಿಪ್ಪು, ಹವಳದ ತುಂಡು ಆರಿಸಿಕೊಂಡು ಬರಬೇಡಿ, ಅದಕ್ಕೆ ಅಲ್ಲಿ ಅನುಮತಿಯಿಲ್ಲ.

ಅತ್ತೆಗೆ ದಿನಕ್ಕೆ ಒಂದೇ ಸಲ ಫೋನ್ ಮಾಡಿ, ಸೂರ್ಯ ಮುಳುಗಿ ಕೋಣೆಗೆ ಬಂದ ಮೇಲೆ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಅಲ್ಲಿ ಮುಂಚಿನಷ್ಟು ತೊಂದರೆಯಿಲ್ಲ, ಮುಖ ನೋಡಿಕೊಂಡೇ ಮಾತಾಡಬಹುದು. ಗಡಿಯಾರ ಎರಡೂ ಕಡೆ ಒಂದೇ, ಸೂರ್ಯ ಮಾತ್ರ ಅಲ್ಲಿ ಒಂದು ಗಂಟೆಗೂ ಮೊದಲೇ ಮುಳುಗುತ್ತಾನೆ. ನೀವು ದೀಪ ಹಾಕಿಕೊಂಡು ಕೂತಿರುತ್ತೀರಿ. ಅತ್ತೆ ದಾವಣಗೆರೆಯ ಅಂಗಳದಲ್ಲಿ ಇನ್ನೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ‘ಅಲ್ಲಿ ಆಗಲೇ ಕತ್ತಲಾತೇನವ್ವ?’ ಎಂದು ಕೇಳುತ್ತಾರೆ.