ಡ್ರಮ್ಮರ್ ಹೋದ ಮೇಲೂ ಅದೇ ಬ್ಯಾಂಡಾ?

ಈ ತಿಂಗಳು ಬಂದ ಪತ್ರಗಳಲ್ಲಿ ರಾಕ್ ಬ್ಯಾಂಡುಗಳ ಬಗ್ಗೆ ಕೇಳಿದವರೇ ಜಾಸ್ತಿ. ಮೂರು ಪತ್ರ ಆರಿಸಿಕೊಂಡಿದ್ದೇನೆ. ನಾನೂ ಹತ್ತು ವರ್ಷ ಬಾಸ್ ಗಿಟಾರ್ ಹಿಡಿದವಳು. ಎರಡನೇ ಪತ್ರಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ.

ಪ್ರಶ್ನೆ: ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಬ್ಯಾಂಡ್ ಅಂದರೆ ನನಗೆ ಪ್ರಾಣ. ಮೊನ್ನೆ ಮಗಳ ಜೊತೆ ಅವರ ವಿಡಿಯೊ ನೋಡಿದೆ. ಹಾಡುವವರು ಅವರೇ, ಅಕ್ಕಪಕ್ಕ ನಿಂತವರು ಬೇರೆ. ಯಾರು ಹೋದರು, ಯಾರು ಬಂದರು? ಅಂದ ಹಾಗೆ, ಆ ಹೆಸರಿಗೆ ಅರ್ಥ ಏನು?
— ಓದುಗರೊಬ್ಬರು, ಜಯನಗರ

ಉತ್ತರ: ಹೆಸರಿನಿಂದಲೇ ಶುರು ಮಾಡೋಣ. ಬ್ಯಾಂಡ್ ಹುಟ್ಟಿದ್ದು 1996ರಲ್ಲಿ. ಆಗ ಇದ್ದವರಲ್ಲಿ ಮೂವರು ಮಲಯಾಳಿಗಳು. ಹಾಡುತ್ತಾ ಗಿಟಾರ್ ನುಡಿಸುವ ಬ್ರೂಸ್ ಲೀ ಮಣಿ ಕಾಲು ಭಾಗ ಮಲಯಾಳಿ. ‘ಮಲ್’ ಅಂದರೆ ಮಲಯಾಳಿ; ‘ಥ್ರೀ ಮಲ್’ ಅಂತ ಬೇಗ ಬೇಗ ಹೇಳಿ ನೋಡಿ, ‘ಥರ್ಮಲ್’ ಆಗುತ್ತದೆ. ಒಟ್ಟು ಮೂರೂಕಾಲು!

ಮೊದಲಿಂದಲೂ ಜೊತೆಗೆ ಇರುವವರು ಮಣಿ ಮತ್ತು ಡ್ರಮ್ಮರ್ ರಾಜೀವ್ ರಾಜಗೋಪಾಲ್. ಬಾಸ್ ಮಾತ್ರ ಕೈ ಬದಲಾಯಿಸುತ್ತಾ ಬಂತು. ನೀವು ಕಾಲೇಜಿನಲ್ಲಿ ಕೇಳಿದ್ದು ರೂಡ್ ಡೇವಿಡ್ ಅವರ ಬಾಸ್ ಇರಬೇಕು. ಆಮೇಲೆ ಪ್ರಕಾಶ್ ಕೆ.ಎನ್. ಬಂದರು. 2012ರಲ್ಲಿ ಆಟೋರಿಕ್ಷಾವನ್ನೇ ನೆಪ ಮಾಡಿಕೊಂಡು ಮೂರು ಡಿಸ್ಕಿನ ದೊಡ್ಡ ಆಲ್ಬಮ್ ತಂದರಲ್ಲ, ಅದರಲ್ಲಿ ಇರುವುದು ಅವರ ಬಾಸ್. ಅವರ ನಂತರ ಲೆಸ್ಲಿ ಚಾರ್ಲ್ಸ್. ಎರಡನೇ ಗಿಟಾರಿಗೆ ‘ಪೀಪಲ್ ಟ್ರೀ’ ಬ್ಯಾಂಡಿನ ಟೋನಿ ದಾಸ್ ಸೇರಿಕೊಂಡರು.

ಮಗಳಿಗೆ 2002ರ ‘ಜುಪಿಟರ್ ಕೆಫೆ’ ಮತ್ತು 2020ರ ‘ಎ ವರ್ಲ್ಡ್ ಗಾನ್ ಮ್ಯಾಡ್’ ಒಂದರ ಹಿಂದೆ ಒಂದು ಕೇಳಿಸಿ. ಒಬ್ಬರೇ ಗಿಟಾರ್ ನುಡಿಸುವಾಗ, ಅವರು ಸೋಲೋಗೆ (ಒಂಟಿ ನುಡಿಸಾಟಕ್ಕೆ) ಹೋದರೆ ಹಿಂದೆ ಜಾಗ ಖಾಲಿಯಾಗುತ್ತದೆ. ಅದನ್ನು ಬಾಸ್ ತುಂಬಬೇಕು. ಇನ್ನೊಂದು ಗಿಟಾರ್ ಬಂದರೆ ಬಾಸ್ ಸ್ವಲ್ಪ ಹಿಂದೆ ಸರಿದು ನಿಲ್ಲಬಹುದು. ಅವರು ತಮ್ಮ ಸಂಗೀತವನ್ನು ‘ಬ್ಯಾಂಗಲೋರ್ ರಾಕ್’ ಅಂತಲೇ ಕರೆದುಕೊಳ್ಳುತ್ತಾರೆ. ಆ ಮಾತಿಗೆ ಅವರು ತಕ್ಕವರು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಅಕ್ಕಾ, ನಮ್ಮದು ಐದು ಜನರ ಬ್ಯಾಂಡ್. ಶುರುವಾಗಿ ಎಂಟು ವರ್ಷ ಆಯ್ತು. ಈಗ ಹಳಬರು ಉಳಿದಿರೋದು ನಾನು ಮತ್ತು ನಮ್ಮ ಸಿಂಗರ್ ಮಾತ್ರ. ಡ್ರಮ್ಮರ್ ಕೆಲಸ ಸಿಕ್ಕಿ ಪುಣೆಗೆ ಹೋದ. ಹೊಸ ಹುಡುಗ ಚೆನ್ನಾಗಿ ನುಡಿಸ್ತಾನೆ, ಆದ್ರೆ ನಮ್ಮ ಹಾಡು ನಮ್ಮ ಹಾಡಿನ ಥರ ಕೇಳಲ್ಲ. ಬಿಟ್ಟು ಹೋದವರು ‘ಹೆಸರು ಬದಲಾಯಿಸಿ’ ಅಂತಿದ್ದಾರೆ. ಏನು ಮಾಡೋದು?
— ಗಿಟಾರ್ ಹುಡುಗ, ಹಾಸನ

ಉತ್ತರ: ತಮ್ಮಾ, ಹೆಸರು ಇಟ್ಟುಕೊಳ್ಳಿ. ಅದನ್ನು ಆಮೇಲೆ ಮಾತಾಡೋಣ. ಮೊದಲು ಆ ಹೊಸ ಹುಡುಗನ ವಿಷಯ.

ನಮ್ಮ ಬ್ಯಾಂಡ್ ಮೈಸೂರಿನದು. ಸರಸ್ವತಿಪುರಂನಲ್ಲಿ ಒಂದು ಹಿಟ್ಟಿನ ಗಿರಣಿಯ ಹಿಂದೆ ಶೆಡ್ ಇತ್ತು, ಅಲ್ಲೇ ಪ್ರಾಕ್ಟೀಸ್. ಗಿರಣಿ ನಿಲ್ಲೋದು ರಾತ್ರಿ ಎಂಟಕ್ಕೆ, ನಾವು ಶುರು ಮಾಡೋದು ಎಂಟೂಕಾಲಿಗೆ. ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದೆವು. ಡ್ರಮ್ ಸೆಟ್ಟಿನ ಸಿಂಬಲ್ ತಟ್ಟೆಗಳ ಮೇಲೆ ದಿನಾ ತೆಳ್ಳಗೆ ರಾಗಿ ಹಿಟ್ಟು ಕೂತಿರುತ್ತಿತ್ತು. ನಮ್ಮ ಡ್ರಮ್ಮರ್ ಹೆಗಲ ಮೇಲಿನ ಟವೆಲ್ ತೆಗೆದು ಒಂದೊಂದನ್ನೇ ಒರೆಸಿ ಕೂರುತ್ತಿದ್ದ. ಆರು ವರ್ಷ ಅವನ ಬಲಗಾಲು ನೋಡಿಕೊಂಡೇ ನಾನು ಬಾಸ್ ನುಡಿಸಿದ್ದು. ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ನ ಪೆಟ್ಟು ಎಲ್ಲಿ ಬೀಳುತ್ತೋ ನನ್ನ ಬೆರಳು ಅಲ್ಲಿ. ಅವನು ಚೆನ್ನೈಗೆ ಹೊರಟಾಗ ನನಗೆ ತಾಳವೇ ಕೈಬಿಟ್ಟ ಹಾಗಾಯ್ತು.

ಹೊಸಬ ಬಂದ. ಡೊಳ್ಳು ಬಾರಿಸಿ ಬೆಳೆದವನು. ನಾವು ಏನು ಮಾಡಿದೆವು ಗೊತ್ತಾ? ಹಳಬನ ಕ್ಯಾಸೆಟ್ ಕೊಟ್ಟು ‘ಹೀಗೇ ನುಡಿಸು’ ಅಂದೆವು. ಪಾಪ, ಎರಡು ತಿಂಗಳು ಹಾಗೇ ನುಡಿಸಿದ. ಒಂದು ಕಾಲೇಜ್ ಫೆಸ್ಟ್‌ನಲ್ಲಿ ಎರಡನೇ ಹಾಡಿಗೇ ನಾವು ಒಬ್ಬರಿಂದೊಬ್ಬರು ತಪ್ಪಿಸಿಕೊಂಡೆವು. ನಾನು ಅವನ ಕಾಲಿನಲ್ಲಿ ಹಳೆ ಕಾಲನ್ನು ಹುಡುಕುತ್ತಿದ್ದೆ. ತಪ್ಪು ನನ್ನದು.

ಆಮೇಲೊಂದು ರಾತ್ರಿ ಕರೆಂಟ್ ಹೋಯ್ತು. ಸುಮ್ನೆ ಕೂತಿದ್ದೆವು. ಅವನು ಗಿರಣಿಯ ಖಾಲಿ ಹಿಟ್ಟಿನ ಡಬ್ಬ ತೊಡೆ ಮೇಲಿಟ್ಟುಕೊಂಡು ನಮ್ಮದೇ ಒಂದು ಹಾಡನ್ನು ಬಾರಿಸತೊಡಗಿದ. ಅವನ ಪಾಡಿಗೆ. ನಾವು ನುಡಿಸುತ್ತಿದ್ದದ್ದಕ್ಕಿಂತ ನಿಧಾನ, ಪೆಟ್ಟು ಒಂದು ಕೂದಲೆಳೆಯಷ್ಟು ತಡವಾಗಿ. ಆಂಪ್, ಅಂದರೆ ದನಿ ಏರಿಸುವ ಪೆಟ್ಟಿಗೆ, ಇಲ್ಲದ ಬಾಸ್ ಕಿವಿಗೆ ಬೀಳೋದೇ ಕಷ್ಟ. ಮರಕ್ಕೆ ಗಲ್ಲ ಒತ್ತಿ ಹಿಡಿದರೆ ಮೂಳೆಯೊಳಗೆ ಕೇಳುತ್ತದೆ. ಹಾಗೆ ಗಲ್ಲ ಒತ್ತಿಕೊಂಡೇ ಅವನ ಹಿಂದೆ ಹೋದೆ. ಕರೆಂಟ್ ಬಂದರೂ ಯಾರೂ ಎದ್ದು ಆಂಪ್ ಹಾಕಲಿಲ್ಲ. ಆ ಹಾಡನ್ನು ಮುಂದೆ ನಾವು ನುಡಿಸಿದ್ದೆಲ್ಲ ಆ ನಡೆಯಲ್ಲೇ.

ಅದಕ್ಕೇ ಹೇಳ್ತೀನಿ, ಹಳೆ ರೆಕಾರ್ಡಿಂಗ್ ಅವನಿಗೆ ಕೊಡಬೇಡಿ. ಹಾಡಿನ ಮಾತು, ಗಿಟಾರಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಇಷ್ಟೇ ಕೊಡಿ. ಬಾಸ್ ಹುಡುಗನನ್ನೂ ಅವನನ್ನೂ ಇಬ್ಬರನ್ನೇ ನಾಲ್ಕು ಸಂಜೆ ಬಿಡಿ. ನೀವು, ಸಿಂಗರ್ ಹೊರಗೆ ಹೋಗಿ ಟೀ ಕುಡಿಯಿರಿ. ವಾಪಸ್ ಬಂದಾಗ ಹಾಡು ಬೇರೆ ಥರ ಇದ್ದರೆ ಅದಕ್ಕೆ ನೀವು ಹೊಂದಿಕೊಳ್ಳಿ.

ಈಗ ಹೆಸರು. ಬಿಟ್ಟು ಹೋದವರಿಗೆ ಹೊಟ್ಟೆ ಉರಿಯುತ್ತಿರೋದು ಹೆಸರಿಗಾಗಿ ಅಲ್ಲ ಅಂತ ನನಗನಿಸುತ್ತದೆ. ಹಾಡು ಕಟ್ಟಿದ್ದರಲ್ಲಿ ತಮ್ಮ ಪಾಲನ್ನು ಮರೆತುಬಿಡ್ತಾರೇನೋ ಅನ್ನೋ ಸಂಕಟ ಅದು. ಶುರುವಿನ ಐದೂ ಜನ ಒಂದು ಭಾನುವಾರ ಕೂತು ಪ್ರತಿ ಹಾಡಿಗೂ ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ಕಾಗದದ ಮೇಲೆ ಬರೆದು ಸಹಿ ಹಾಕಿ. ಊರು ಬಿಟ್ಟರೂ ಹಾಡಿನ ಹಕ್ಕು ಬರೆದವರದ್ದೇ. ಹಾಡು ಬರೆದವರು, ರಾಗ ಹಾಕಿದವರು ಐಪಿಆರ್‌ಎಸ್ ಅನ್ನೋ ಸಂಸ್ಥೆಯ ಸದಸ್ಯರಾದರೆ, ಹಾಡು ಬಳಕೆಯಾದಾಗ ಬರುವ ರಾಯಲ್ಟಿ ಆ ಮೂಲಕ ಅವರಿಗೇ ತಲುಪುತ್ತದೆ. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವ ಮನಸ್ಸಿದ್ದರೆ ಮನರಂಜನೆಗೆ ಇರೋದು 41ನೇ ವರ್ಗ. ಆದರೆ ಅರ್ಜಿ ಹಾಕುವ ಮುಂಚೆ ಪುಣೆಗೆ ಒಂದು ಫೋನ್ ಮಾಡಿ. ಅವನ ಗಮನಕ್ಕೆ ತರದೆ ಮಾಡಬೇಡಿ.

ಪ್ರಶ್ನೆ: ಕನ್ನಡ ಕಿವಿಗೆ ಹಿಡಿಸುವ ರಾಕ್ ಎಲ್ಲಿಂದ ಕೇಳಲು ಶುರು ಮಾಡಲಿ? ನನಗೆ ವಯಸ್ಸು 61.
— ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಮೇಡಂ, ನಿಮ್ಮ ಕಡೆಯ ಶಿಶುನಾಳ ಶರೀಫರಿಂದಲೇ ಶುರು ಮಾಡಿ. ರಘು ದೀಕ್ಷಿತ್ ತಮ್ಮ 2008ರ ಆಲ್ಬಮ್‌ನಲ್ಲಿ ‘ಸೋರುತಿಹುದು ಮನೆಯ ಮಾಳಿಗಿ’ ಹಾಡಿದ್ದಾರೆ. ಪದ ನಿಮಗೆ ಬಾಯಿಪಾಠ ಇರುತ್ತದೆ, ಗಿಟಾರ್ ಕಡೆ ಕಿವಿ ಕೊಟ್ಟರೆ ಸಾಕು. ಅವರು ಮೊದಲು ವಯಲಿನ್ ವಾದಕ ಎಚ್.ಎನ್. ಭಾಸ್ಕರ್ ಜೊತೆ ‘ಅಂತರಾಗ್ನಿ’ ಅನ್ನೋ ಬ್ಯಾಂಡ್ ಕಟ್ಟಿದ್ದರು. ಅದು ಚದುರಿದ ಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಶುರುವಾಯ್ತು. ಕಲಾವಿದರು ಬಂದು ಹೋಗಲಿ ಅಂತ ಬಾಗಿಲು ತೆರೆದಿಟ್ಟೇ ಕಟ್ಟಿದ ತಂಡ ಅದು.

ಆಮೇಲೆ ‘ಸ್ವರಾತ್ಮ’ ಕೇಳಿ. ಹಿಂದಿಯೂ ಇದೆ, ಕನ್ನಡವೂ ಇದೆ. 2009ರ ಮೊದಲ ಆಲ್ಬಮ್‌ನಲ್ಲಿ ಸಂಜೀವ್ ನಾಯಕ್ ಅವರ ವಯಲಿನ್ ಬಿಡಬೇಡಿ. ನಿಮ್ಮ ಊರಿಗೆ ಬಂದರೆ ಮೊಮ್ಮಕ್ಕಳನ್ನು ಕರೆದುಕೊಂಡೇ ಹೋಗಿ. ಹಾಡುವ ವಾಸು ದೀಕ್ಷಿತ್ ಸೊಂಟಕ್ಕೆ ಬಣ್ಣದ ಕುದುರೆ ಕಟ್ಟಿಕೊಂಡು ವೇದಿಕೆ ಮೇಲೆ ಕುಣಿಯುವುದುಂಟು. ಜಾತ್ರೆಯ ಕೀಲುಕುದುರೆ ನೋಡಿದ ನಿಮಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.