ಇಲಿರಿಯಾದ ರಾಣಿ ತೆವುತಾಳ ಬಗ್ಗೆ ನಂಬಬಹುದಾದದ್ದು ಎಷ್ಟು?

ಏಡ್ರಿಯಾಟಿಕ್ ಕಡಲಿನ ಪೂರ್ವ ತೀರದಲ್ಲಿದ್ದ ಪ್ರಾಚೀನ ನಾಡು ಇಲಿರಿಯಾದ ರಾಣಿ ತೆವುತಾಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯಲು ಹೊರಟಿದ್ದೀರಿ. ಅಂತರ್ಜಾಲದಲ್ಲಿ ಓದಿದ ಮೂರು ಬರಹಗಳಲ್ಲಿ ಆಕೆಯ ರಾಜಧಾನಿ, ಮಗ, ಸಾವು ಎಲ್ಲವೂ ಒಂದೊಂದು ಬಗೆಯಾಗಿವೆ. ಯಾವುದನ್ನು ನಂಬಬೇಕು, ಸರಿಯಾದದ್ದನ್ನು ಹುಡುಕುವುದು ಹೇಗೆ ಎಂದು ಕೇಳಿದ್ದೀರಿ. ನಾನು ವೃತ್ತಿಯಿಂದ ಇತಿಹಾಸಕಾರನಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಇದೇ ರಾಣಿಯ ಬಗ್ಗೆ ಬರೆದು, ತಪ್ಪು ಮಾಡಿ, ಮತ್ತೆ ಮೊದಲಿನಿಂದ ಓದಿದವನು. ಆದ್ದರಿಂದ ಆ ತಪ್ಪಿನಿಂದಲೇ ಆರಂಭಿಸುತ್ತೇನೆ.

ನನ್ನ ಲೇಖನದಲ್ಲಿ ರೋಮಿನ ರಾಯಭಾರಿಯೊಬ್ಬ ತೆವುತಾಳ ಎದುರು ನಿಂತು ಖಾರವಾಗಿ ಮಾತನಾಡುತ್ತಾನೆ, ರಾಣಿ ಕೆರಳುತ್ತಾಳೆ, ಆತ ಇಸ್ಸಾ ದ್ವೀಪದ ದೂತ ಕ್ಲೆಎಂಪೊರಸ್‌ನೊಂದಿಗೆ ಹಡಗಿನಲ್ಲಿ ಹಿಂದಿರುಗುವಾಗ ಇಬ್ಬರೂ ಕೊಲೆಯಾಗುತ್ತಾರೆ. ಓದಲು ಚೆನ್ನಾಗಿಯೇ ಇತ್ತು. ಓದುಗರೊಬ್ಬರು ‘ಇದನ್ನು ಹೇಳಿದವರು ಯಾರು?’ ಎಂದು ಕೇಳಿದಾಗ ಮೂಲಗಳನ್ನು ತೆರೆದು ನೋಡಿದೆ; ಯಾರೂ ಹೇಳಿರಲಿಲ್ಲ. ಕಥೆಯ ಮೊದಲ ಅರ್ಧ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್‌ನದು, ಉಳಿದ ಅರ್ಧ ಅವನಿಗಿಂತ ಬಹಳ ತಡವಾಗಿ ಬರೆದ ಇನ್ನೊಬ್ಬ ಇತಿಹಾಸಕಾರ ಅಪ್ಪಿಯನ್‌ನದು. ಅಪ್ಪಿಯನ್‌ನ ಪ್ರಕಾರ ಆ ದೂತರು ಇಲಿರಿಯಾದ ಅರಮನೆಯನ್ನು ತಲುಪಲೇ ಇಲ್ಲ, ದಾರಿಯಲ್ಲಿಯೇ ಕೊಲೆಯಾದರು. ಆಗ ಆಳುತ್ತಿದ್ದವನು ಕೂಡ ತೆವುತಾಳಲ್ಲ, ಆಕೆಯ ಗಂಡ ಆಗ್ರೋನ್. ಎರಡು ಸಾಕ್ಷಿಗಳ ಹೇಳಿಕೆಯನ್ನು ಹೊಲಿದು, ಯಾರೂ ನುಡಿಯದ ಮೂರನೆಯ ಸಾಕ್ಷಿಯನ್ನು ನಾನೇ ಸೃಷ್ಟಿಸಿದ್ದೆ. ನೀವು ನೋಡಿದ ಬರಹಗಳಲ್ಲಿಯೂ ಬಹುಪಾಲು ಆಗಿರುವುದು ಇದೇ ಎಂದು ನನ್ನ ಅನುಮಾನ.

ಮೊದಲಿಗೆ ಒಪ್ಪಿಕೊಳ್ಳಬೇಕಾದ ಮಾತೆಂದರೆ, ನಮಗೆ ಉಳಿದಿರುವುದು ತೆವುತಾಳ ಬದುಕಲ್ಲ, ಆಕೆಯ ಬದುಕಿನ ಮೂರು ನಾಲ್ಕು ವರ್ಷಗಳ ಬಗ್ಗೆ ಆಕೆಯ ಶತ್ರುಗಳ ಕಡೆಯವರು ಬರೆದಿಟ್ಟ ವರದಿ. ಇಲಿರಿಯನ್ನರು ತಮ್ಮದೇ ಇತಿಹಾಸ ಗ್ರಂಥವನ್ನು ಬಿಟ್ಟುಹೋಗಿಲ್ಲ. ಆಕೆಯ ತಂದೆತಾಯಿ ಯಾರು, ಹುಟ್ಟಿದ್ದು ಯಾವಾಗ ಎಂಬುದನ್ನು ಪ್ರಾಚೀನರು ಯಾರೂ ಹೇಳುವುದಿಲ್ಲ. ಹಾಗಿದ್ದೂ ಯಾವುದಾದರೂ ತಾಣ ಹುಟ್ಟಿದ ವರ್ಷವನ್ನು ಕೊಟ್ಟಿದ್ದರೆ ಅದರ ಉಳಿದ ಮಾತುಗಳನ್ನೂ ಅದೇ ತಕ್ಕಡಿಯಲ್ಲಿ ತೂಗಿ ನೋಡಿ.

ಎಲ್ಲಕ್ಕಿಂತ ಹಳೆಯ, ವಿಸ್ತಾರವಾದ ನಿರೂಪಣೆ ಪೊಲಿಬಿಯಸ್‌ನ ಇತಿಹಾಸದ ಎರಡನೆಯ ಪುಸ್ತಕದಲ್ಲಿ, 2ರಿಂದ 12ನೇ ಅಧ್ಯಾಯದವರೆಗೆ ಇದೆ. ಅಧ್ಯಾಯಗಳು ಚಿಕ್ಕವು, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಎಂಬ ತಾಣದಲ್ಲಿ ಗ್ರೀಕ್ ಮೂಲವೂ ಇಂಗ್ಲಿಷ್ ಅನುವಾದವೂ ಉಚಿತವಾಗಿ ಸಿಗುತ್ತವೆ. ಅಲ್ಲಿನ ಕಥೆಯ ಸಾರ ಇಷ್ಟು. ಕ್ರಿ.ಪೂ. 231ರಲ್ಲಿ ಆಗ್ರೋನ್ ಕಳಿಸಿದ 100 ಲೆಂಬೋಸ್ ದೋಣಿಗಳು 5,000 ಜನರನ್ನು ಹೊತ್ತು ಮೆದಿಯೋನ್ ಪಟ್ಟಣದ ಬಳಿ ಇಳಿದು, ಅದನ್ನು ಮುತ್ತಿದ್ದ ಐತೋಲಿಯನ್ನರೆಂಬ ಗ್ರೀಕರನ್ನು ಸೋಲಿಸಿದವು. ಅಂದರೆ ದೋಣಿಯೊಂದಕ್ಕೆ 50 ಮಂದಿ. ಲೆಂಬೋಸ್ ಎಂದರೆ ದೊಡ್ಡ ಯುದ್ಧನೌಕೆಯಲ್ಲ, ಹಗುರವಾದ ವೇಗದ ದೋಣಿ ಎಂಬುದು ಈ ಲೆಕ್ಕದಿಂದಲೇ ಹೊಳೆಯುತ್ತದೆ. ಗೆಲುವಿನ ಸಂಭ್ರಮದಲ್ಲಿ ಮಿತಿಮೀರಿ ಕುಡಿದ ಆಗ್ರೋನ್ ಪಕ್ಕೆಯ ಬೇನೆ ಹತ್ತಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಪಟ್ಟಕ್ಕೆ ಬಂದ ತೆವುತಾ ತನ್ನವರ ಹಡಗುಗಳಿಗೆ ಎದುರಾದವರನ್ನೆಲ್ಲ ದೋಚಲು ಅನುಮತಿ ಕೊಟ್ಟಳು. ಆಕೆಯ ಪಡೆ ಇಲಿರಿಯಾದ ದಕ್ಷಿಣಕ್ಕಿದ್ದ ಎಪಿರಸ್ ನಾಡಿನ ಫೊಯಿನಿಕೆ ನಗರವನ್ನು ಹಿಡಿಯಿತು, ಅಲ್ಲಿ ಇಟಲಿಯ ವರ್ತಕರು ಲೂಟಿಗೂ ಕೊಲೆಗೂ ಈಡಾದರು, ದೂರು ರೋಮಿಗೆ ಹೋಯಿತು.

ಮುಂದಿನದು ಎಲ್ಲರೂ ಉದ್ಧರಿಸುವ ದೃಶ್ಯ. ಇಸ್ಸಾವನ್ನು, ಅಂದರೆ ಇಂದಿನ ಕ್ರೊಯೇಷಿಯಾದ ವಿಸ್ ದ್ವೀಪವನ್ನು, ಮುತ್ತಿಗೆ ಹಾಕುತ್ತಿದ್ದ ರಾಣಿಯನ್ನು ಕೊರುಂಕಾನಿಯಸ್ ಮನೆತನದ ಇಬ್ಬರು ರಾಯಭಾರಿಗಳು ಕಾಣುತ್ತಾರೆ. ಆಕೆ ಉದಾಸೀನದಿಂದ ಕೇಳಿಸಿಕೊಂಡು, ರಾಜ್ಯದ ವತಿಯಿಂದ ರೋಮನ್ನರಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುತ್ತೇನೆ, ಆದರೆ ಪ್ರಜೆಗಳು ಖಾಸಗಿಯಾಗಿ ಕಡಲಿನಲ್ಲಿ ಗಳಿಸುವುದನ್ನು ತಡೆಯುವುದು ಇಲಿರಿಯಾದ ಅರಸರ ವಾಡಿಕೆಯಲ್ಲ ಎನ್ನುತ್ತಾಳೆ. ಕಿರಿಯ ರಾಯಭಾರಿ, ಖಾಸಗಿ ಅನ್ಯಾಯಕ್ಕೆ ರಾಜ್ಯವೇ ದಂಡ ವಿಧಿಸುವುದು ರೋಮನ್ನರ ವಾಡಿಕೆ, ದೇವರ ದಯೆಯಿದ್ದರೆ ನಿಮ್ಮ ಅರಸರ ವಾಡಿಕೆಯನ್ನು ಬೇಗನೆ ತಿದ್ದಿಕೊಳ್ಳುವಂತೆ ಮಾಡುತ್ತೇವೆ ಎಂದು ಉತ್ತರಿಸುತ್ತಾನೆ. ಅವರು ಹೊರಟಾಗ ರಾಣಿ ಜನ ಕಳಿಸಿ ಆ ಮಾತನಾಡಿದವನನ್ನು ಕೊಲ್ಲಿಸುತ್ತಾಳೆ.

ಇಲ್ಲಿ ಒಂದು ಕ್ಷಣ ನಿಂತು, ಈ ಮಾತುಕತೆ ನಮ್ಮವರೆಗೆ ಬಂದ ದಾರಿಯನ್ನು ನೋಡಿ. ಎದುರಿಗಿದ್ದ ಇಬ್ಬರು ರೋಮನ್ನರಲ್ಲಿ ಒಬ್ಬ ಸತ್ತ. ಉಳಿದವನು ಊರಿಗೆ ಮರಳಿ, ಯುದ್ಧ ಬೇಕೋ ಬೇಡವೋ ಎಂದು ನಿರ್ಧರಿಸುವ ಸೆನೆಟ್ಟಿನ ಮುಂದೆ ಹೇಳಿದ್ದೇ ಇದರ ಮೂಲ ಎಂದಿಟ್ಟುಕೊಂಡರೂ, ಅದು ಒಂದೇ ಬಾಯಿಯ ಮಾತು, ಅದೂ ನೊಂದವನ ಮಾತು. ಪೊಲಿಬಿಯಸ್ ಹುಟ್ಟಿದ್ದು ಇದಾಗಿ ಸುಮಾರು 30 ವರ್ಷಗಳ ಮೇಲೆ, ಬರೆದದ್ದು ಇನ್ನೂ ಹಲವು ದಶಕಗಳ ಮೇಲೆ. ಜೊತೆಗೆ ಅವನು ಅಖಾಯಾ ಒಕ್ಕೂಟ ಎಂಬ ಗ್ರೀಕ್ ನಗರಗಳ ಕೂಟದ ಗಣ್ಯ ಮನೆತನದವನು. ಕ್ರಿ.ಪೂ. 229ರಲ್ಲಿ ಪಾಕ್ಸೋಸ್ ದ್ವೀಪದ ಬಳಿ ತೆವುತಾಳ ನಾವಿಕರು ನಾಲ್ಕು ನಾಲ್ಕು ದೋಣಿಗಳನ್ನು ಒಟ್ಟಿಗೆ ಬಿಗಿದು, ಶತ್ರು ಹಡಗು ಬಂದು ಗುದ್ದಲಿ ಎಂದು ಬೇಕೆಂದೇ ಪಕ್ಕೆಯೊಡ್ಡಿ, ಅದು ಸಿಕ್ಕಿಕೊಂಡಾಗ ಅದರ ಅಟ್ಟದ ಮೇಲೆ ಹಾರಿ ಸೋಲಿಸಿದವರಲ್ಲಿ ಇದೇ ಒಕ್ಕೂಟದ ನೌಕಾಪಡೆಯೂ ಇತ್ತು. ಅಂದು ನೀರುಪಾಲಾದ ಮಾರ್ಗೋಸ್ ಎಂಬ ಹಿರಿಯನನ್ನು ಪೊಲಿಬಿಯಸ್ ಹೆಸರಿಟ್ಟು ಹೊಗಳುತ್ತಾನೆ. ಹೀಗಾಗಿ ತೆವುತಾ ‘ಹೆಂಗಸಿನ ಸಹಜ ದೂರದೃಷ್ಟಿಯ ಕೊರತೆ’ಯಿಂದ ನಡೆದುಕೊಂಡಳು, ‘ಹೆಂಗಸಿನ ಕೋಪ’ಕ್ಕೆ ಬಿದ್ದಳು ಎಂದು ಅವನು ಬರೆಯುವಾಗ, ಅದನ್ನು ತೆವುತಾಳ ಗುಣವೆಂದು ದಾಖಲಿಸಬಾರದು, ಪೊಲಿಬಿಯಸ್‌ನ ಅಭಿಪ್ರಾಯವೆಂದು ದಾಖಲಿಸಬೇಕು. ಅವನ ದೋಣಿ, ಸೈನಿಕ, ಊರುಗಳ ಲೆಕ್ಕವನ್ನು ನಾನು ಹೆಚ್ಚು ನಂಬುತ್ತೇನೆ, ಮನಸ್ಸಿನೊಳಗಿನ ಲೆಕ್ಕವನ್ನು ಕಡಿಮೆ.

ಇನ್ನು ಆ ಒಂದು ಕೊಲೆ ಮುಂದೆ ಹೇಗೆ ಬೆಳೆಯಿತೆಂಬುದನ್ನು ಲೇಖಕರ ಕಾಲಕ್ರಮದಲ್ಲಿ ಜೋಡಿಸಿ ನೋಡಿ. ನನಗೆ ಈ ಇಡೀ ಅಧ್ಯಯನದಲ್ಲಿ ಅತ್ಯಂತ ಹೆಚ್ಚು ಕಲಿಸಿದ್ದು ಇದೇ. ಕ್ರಿ.ಪೂ. 2ನೇ ಶತಮಾನದ ಪೊಲಿಬಿಯಸ್‌ನಲ್ಲಿ ಸತ್ತವನು ಒಬ್ಬ. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ, ತೆವುತಾ ಕೊಲ್ಲಿಸಿದ ರಾಯಭಾರಿಗಳೆಂದು ಪುಬ್ಲಿಯಸ್ ಜೂನಿಯಸ್ ಮತ್ತು ತಿಬೇರಿಯಸ್ ಕೊರುಂಕಾನಿಯಸ್ ಎಂಬ ಇಬ್ಬರನ್ನು ಹೆಸರಿಸಿ, ಅವರಿಗೆ ರೋಮಿನಲ್ಲಿ ಮೂರಡಿ ಎತ್ತರದ ಪ್ರತಿಮೆಗಳನ್ನು ನಿಲ್ಲಿಸಿದ್ದರು ಎನ್ನುತ್ತಾನೆ. ಕ್ರಿ.ಶ. 2ನೇ ಶತಮಾನದ ರೋಮನ್ ಇತಿಹಾಸಕಾರ ಫ್ಲೋರಸ್‌ನ ಹೊತ್ತಿಗೆ ರಾಯಭಾರಿಗಳನ್ನು ಕತ್ತಿಯಿಂದಲ್ಲ, ಬಲಿಪಶುಗಳಂತೆ ಕೊಡಲಿಯಿಂದ ಕಡಿಯಲಾಗುತ್ತದೆ, ಹಡಗಿನ ನಾಯಕರನ್ನು ಸುಡಲಾಗುತ್ತದೆ, ಅಪಮಾನದ ಮೇಲೆ ಅಪಮಾನವೆಂಬಂತೆ ಇದಕ್ಕೆಲ್ಲ ಅಪ್ಪಣೆ ಕೊಟ್ಟವಳು ಒಬ್ಬ ಹೆಂಗಸು ಎಂದು ಅವನು ಸೇರಿಸುತ್ತಾನೆ. ಹೆಚ್ಚುಕಡಿಮೆ ಅದೇ ಶತಮಾನದ ಅಪ್ಪಿಯನ್ ಮಾತ್ರ ಬೇರೆ ದಾರಿ ಹಿಡಿದು, ನಾನು ಮೇಲೆ ಹೇಳಿದಂತೆ, ಕೊಲೆಯನ್ನು ಆಗ್ರೋನ್‌ನ ಕಾಲಕ್ಕೆ ಒಯ್ಯುತ್ತಾನೆ. ಸೋತ ಮೇಲೆ ತೆವುತಾ ರೋಮಿಗೆ ಕ್ಷಮೆ ಬೇಡಿ ಕಳಿಸಿದ ದೂತರೂ ಅವನಲ್ಲಿ ಇದನ್ನೇ ಹೇಳುತ್ತಾರೆ, ಆ ಕೃತ್ಯ ನಮ್ಮ ರಾಣಿಯದಲ್ಲ, ಆಕೆಯ ಗಂಡನ ಕಾಲದ್ದು ಎಂದು. ತಡವಾಗಿ ಬರೆದವನೆಂಬ ಒಂದೇ ಕಾರಣಕ್ಕೆ ಅಪ್ಪಿಯನ್‌ನನ್ನು ತಳ್ಳಿಹಾಕುವಂತಿಲ್ಲ. ಕ್ಲೆಎಂಪೊರಸ್‌ನ ಹೆಸರನ್ನೇ ತಲೆಬರಹವಾಗಿಟ್ಟು 1973ರಲ್ಲಿ ಪೀಟರ್ ಡೆರೋ ಎಂಬ ವಿದ್ವಾಂಸರು ಬರೆದ ಪ್ರಬಂಧ ಅಪ್ಪಿಯನ್‌ನ ಪರವಾಗಿ ವಾದಿಸುತ್ತದೆ. ನನ್ನ ಒಲವೂ ಸ್ವಲ್ಪ ಅತ್ತಲೇ ಇದೆ, ಏಕೆಂದರೆ ಇಸ್ಸಾದ ದೂತನೊಬ್ಬನ ಹೆಸರನ್ನು ಕಟ್ಟಿಹೇಳಿ ರೋಮಿನ ಯಾವ ಲೇಖಕನಿಗೂ ಲಾಭವಿರಲಿಲ್ಲ. ಆದರೆ ಒಲವು ಒಲವೇ. ಲೇಖನದಲ್ಲಿ ಎರಡನ್ನೂ ಬೇರೆಬೇರೆ ಪ್ಯಾರಾಗಳಲ್ಲಿ, ಹೇಳಿದವರ ಹೆಸರಿನೊಂದಿಗೆ ಕೊಡಿ.

ಯುದ್ಧದ ಭಾಗದಲ್ಲಿ ತಕರಾರು ಕಡಿಮೆ. ಕ್ರಿ.ಪೂ. 229ರಲ್ಲಿ ರೋಮಿನ ಕಾನ್ಸಲ್, ಅಂದರೆ ವರ್ಷಕ್ಕಿಬ್ಬರಂತೆ ಆಯ್ಕೆಯಾಗುವ ಅತ್ಯುನ್ನತ ಅಧಿಕಾರಿಗಳಲ್ಲಿ ಒಬ್ಬನಾದ, ಫುಲ್ವಿಯಸ್ 200 ಹಡಗುಗಳೊಂದಿಗೂ, ಇನ್ನೊಬ್ಬ ಕಾನ್ಸಲ್ ಪೋಸ್ತುಮಿಯಸ್ 20,000 ಕಾಲಾಳು ಮತ್ತು ಸುಮಾರು 2,000 ಕುದುರೆ ಸವಾರರೊಂದಿಗೂ ಕಡಲು ದಾಟಿದರು. ಕೊರ್ಕಿರಾದ, ಅಂದರೆ ಇಂದಿನ ಕೊರ್ಫು ದ್ವೀಪದ, ಕಾವಲಿಗಿದ್ದ ರಾಣಿಯ ಸೇನಾನಿ, ಫಾರೋಸ್‌ನ ದೆಮೆತ್ರಿಯಸ್, ಊರನ್ನು ರೋಮನ್ನರಿಗೆ ಒಪ್ಪಿಸಿದ. ಮರುವರ್ಷದ ವಸಂತದಲ್ಲಿ ಒಪ್ಪಂದವಾಯಿತು: ಕಪ್ಪ ಕೊಡಬೇಕು, ಕೆಲವು ಊರುಗಳನ್ನು ಬಿಟ್ಟು ಉಳಿದ ಇಲಿರಿಯಾವನ್ನು ತೊರೆಯಬೇಕು, ಇಂದಿನ ಅಲ್ಬೇನಿಯಾದ ಲಿಸ್ಸಸ್ ಊರಿನಿಂದ ದಕ್ಷಿಣದ ಆಚೆಗೆ ಎರಡಕ್ಕಿಂತ ಹೆಚ್ಚು ದೋಣಿ ಹೋಗಬಾರದು, ಹೋಗುವ ಎರಡೂ ನಿರಾಯುಧವಾಗಿರಬೇಕು. ಇದಕ್ಕೆ ಪುಸ್ತಕದ ಹೊರಗಿನ ಆಧಾರವೂ ಇದೆ. ಅಗಸ್ಟಸ್‌ನ ಕಾಲದಲ್ಲಿ ಕಲ್ಲಿನಲ್ಲಿ ಕೊರೆಸಿದ ವಿಜಯೋತ್ಸವಗಳ ಪಟ್ಟಿಯಲ್ಲಿ, ಇಲಿರಿಯನ್ನರ ಮೇಲಿನ ಗೆಲುವಿಗಾಗಿ ಫುಲ್ವಿಯಸ್ ಕ್ರಿ.ಪೂ. 228ರ ಜೂನ್‌ನಲ್ಲಿ ನೌಕಾ ವಿಜಯೋತ್ಸವ ನಡೆಸಿದ್ದು ದಾಖಲಾಗಿದೆ. ಗಮನಿಸಿ, ಕಲ್ಲಿನ ಮೇಲಿರುವುದು ‘ಇಲಿರಿಯನ್ನರು’ ಮಾತ್ರ, ರಾಣಿಯ ಹೆಸರಿಲ್ಲ.

ಮಗನ ವಿಷಯಕ್ಕೆ ಬರೋಣ. ತೆವುತಾಳ ಪ್ರಸಂಗವನ್ನು ಹೇಳುವಾಗ ಪೊಲಿಬಿಯಸ್ ಯಾವ ಮಗನನ್ನೂ ಕರೆತರುವುದಿಲ್ಲ. ಅಪ್ಪಿಯನ್‌ನ ಪ್ರಕಾರ ಆಗ್ರೋನ್‌ಗೆ ಪಿನ್ನೆಸ್ ಎಂಬ ಎಳೆಯ ಮಗನಿದ್ದ, ತೆವುತಾ ಅವನ ಹೆತ್ತ ತಾಯಿಯಲ್ಲದಿದ್ದರೂ ಅವನ ಪರವಾಗಿ ಆಳಿದಳು. ಇನ್ನೂ ತಡವಾಗಿ ಬರೆದ ಇತಿಹಾಸಕಾರ ಕ್ಯಾಸಿಯಸ್ ದಿಯೋ ಹೆತ್ತ ತಾಯಿಯ ಹೆಸರನ್ನು ತ್ರಿತೆವುತಾ ಎಂದು ಕೊಡುತ್ತಾನೆ. ಮುಂದೆ ದೆಮೆತ್ರಿಯಸ್ ಈ ತ್ರಿತೆವುತಾಳನ್ನು ಮದುವೆಯಾದ. ಹೆಸರುಗಳ ಈ ಹೋಲಿಕೆಯಿಂದಾಗಿ ಇಬ್ಬರನ್ನು ಒಬ್ಬಳಾಗಿಸಿ, ತೆವುತಾ ದೆಮೆತ್ರಿಯಸ್‌ನನ್ನು ಮದುವೆಯಾದಳೆಂದು ಬರೆದವರನ್ನೂ ನಾನು ಕಂಡಿದ್ದೇನೆ. ಕ್ರಿ.ಪೂ. 217ರಲ್ಲಿ ಕಪ್ಪದ ಬಾಕಿ ಕೇಳಲು ರೋಮನ್ನರು ಇಲಿರಿಯಾದ ರಾಜ ಪಿನೆಯಸ್‌ನ, ಅಂದರೆ ಇದೇ ಪಿನ್ನೆಸ್‌ನ, ಬಳಿಗೆ ದೂತರನ್ನು ಕಳಿಸಿದರೆಂದು ರೋಮನ್ ಇತಿಹಾಸಕಾರ ಲಿವಿ ಬರೆಯುವುದರಿಂದ ಆ ಹುಡುಗ ಇದ್ದದ್ದಂತೂ ನಿಜ. ಆದ್ದರಿಂದ ‘ರಾಣಿ’ ಎಂದು ಬರೆದರೂ, ಎಳೆಯ ಅರಸನ ಪರವಾಗಿ ಆಳಿದವಳೆಂಬ ಮಾತನ್ನು ಪಕ್ಕದಲ್ಲಿಡಿ.

ರಾಜಧಾನಿಯ ಬಗ್ಗೆ ಹೇಳುವುದಾದರೆ, ಸೋತ ರಾಣಿ ಹೋಗಿ ಸೇರಿದ ಊರೆಂದು ಪೊಲಿಬಿಯಸ್ ಹೇಳುವುದು ರಿಜೋನ್ ಎಂಬ ಭದ್ರವಾದ ಸಣ್ಣ ಊರನ್ನು, ಅಂದರೆ ಮಾಂಟೆನೆಗ್ರೊದ ಕೋತೋರ್ ಕೊಲ್ಲಿಯ ಇಂದಿನ ರಿಸಾನ್. ಹಲವರು ಬರೆಯುವ ಸ್ಕೋಡ್ರಾ, ಇಂದಿನ ಅಲ್ಬೇನಿಯಾದ ಶ್ಕೋದರ್, ಆರು ದಶಕಗಳ ಮೇಲೆ ಕ್ರಿ.ಪೂ. 168ರಲ್ಲಿ ಸೋತ ರಾಜ ಗೆಂತಿಯಸ್‌ನ ಊರು. ಅದನ್ನು ಹಿಂದಕ್ಕೆ ಎಳೆದು ತೆವುತಾಳಿಗೂ ಕೊಡುತ್ತಾರೆ. ರಿಸಾನ್‌ನಲ್ಲಿ ವಾರ್ಸಾ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಉತ್ಖನನ ನಡೆಸಿ, 2010ರಲ್ಲಿ 4,000ಕ್ಕೂ ಹೆಚ್ಚು ನಾಣ್ಯಗಳಿದ್ದ ನಿಧಿಯೊಂದನ್ನು ಹೊರತೆಗೆದರು. ಅವು ಬಲ್ಲಾಯೋಸ್ ಎಂಬ ರಾಜನ ನಾಣ್ಯಗಳು. ಆ ರಾಜನ ಬಗ್ಗೆ ಯಾವ ಪ್ರಾಚೀನ ಲೇಖಕನೂ ಒಂದು ಸಾಲನ್ನೂ ಬರೆದಿಲ್ಲ. ನಾಲ್ಕು ಮಂದಿ ಇತಿಹಾಸಕಾರರು ಬರೆದ ತೆವುತಾಳ ಹೆಸರಿನಲ್ಲಿ ಒಂದು ನಾಣ್ಯವೂ ಸಿಕ್ಕಿಲ್ಲ. ರೋಮಿನೊಂದಿಗೆ ಜಗಳವಾಡದವನು ಪುಸ್ತಕದಿಂದ ಹೊರಗುಳಿದ, ಜಗಳವಾಡಿದವಳು ಒಳಗೆ ಬಂದಳು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಸಾವಿನ ಬಗ್ಗೆ ಪ್ರಾಚೀನ ಆಕರ ಯಾವುದೂ ಇಲ್ಲ. ರಿಸಾನ್ ಸುತ್ತಮುತ್ತ ಒಂದು ಐತಿಹ್ಯವಿದೆ: ಸೋಲಿನ ಅವಮಾನ ತಾಳಲಾರದೆ ರಾಣಿ ಬಂಡೆಯಿಂದ ಧುಮುಕಿದಳಂತೆ. ಅದನ್ನು ಖಂಡಿತ ಬರೆಯಿರಿ, ಬಿಡುವುದು ಬೇಡ. ಆದರೆ ಕನ್ನಡದಲ್ಲಿ ನಮಗೆ ‘ಅಂತೆ’ ಎಂಬ ಎಂಥ ಒಳ್ಳೆಯ ಸಾಧನವಿದೆ ನೋಡಿ. ಬರಹ ಗಂಭೀರವಾಗಿರಬೇಕೆಂಬ ಸಂಕೋಚದಿಂದ ನಾವು ಅದನ್ನು ತೆಗೆದುಹಾಕಿ ‘ಧುಮುಕಿದಳು’ ಎಂದು ಬರೆದುಬಿಡುತ್ತೇವೆ, ಆ ಎರಡಕ್ಷರ ಹೋಗುತ್ತಲೇ ಐತಿಹ್ಯವು ಇತಿಹಾಸವಾಗಿಬಿಡುತ್ತದೆ. ಕರಡು ತಿದ್ದುವಾಗ ಪ್ರತಿಯೊಂದು ವಾಕ್ಯದ ತುದಿಗೂ ಮನಸ್ಸಿನಲ್ಲಿಯೇ ‘ಅಂತೆ’ ಹಚ್ಚಿ, ‘ಹಾಗೆಂದವರು ಯಾರು?’ ಎಂದು ಕೇಳಿಕೊಳ್ಳಿ; ಹೆಸರು ಹೊಳೆಯದ ವಾಕ್ಯವನ್ನು ಹೊಡೆದುಹಾಕಿ. ನನ್ನ ಹಳೆಯ ಲೇಖನಕ್ಕೆ ಹೀಗೆ ಮಾಡಿದಾಗ ಮೂರರಲ್ಲೊಂದು ಪಾಲು ಉದುರಿಹೋಯಿತು.

ಹೆಸರಿನ ಬರಹದ ಬಗ್ಗೆ ಒಂದು ಮಾತು. ಇಂಗ್ಲಿಷಿನ ಮೂಲಕ ಬಂದ ‘ಟ್ಯೂಟಾ’ ರೂಪವನ್ನು ನಾನು ಬಿಟ್ಟಿದ್ದೇನೆ. ಗ್ರೀಕಿನಲ್ಲಿರುವುದು ದಂತ್ಯ ತಕಾರ, ಅಲ್ಬೇನಿಯನ್ನರು ಇಂದಿಗೂ ಎ ಮತ್ತು ಉ ಸ್ವರಗಳನ್ನು ಬಿಡಿಸಿ ನುಡಿಯುತ್ತಾರೆ. ನಮ್ಮ ಸಂಧಿಯ ನಿಯಮಕ್ಕೆ ಯಕಾರ ಬರಬೇಕಿತ್ತೇನೋ, ಕಿವಿಗೆ ವಕಾರವೇ ಹತ್ತಿರವೆಂದು ‘ತೆವುತಾ’ ಎಂದು ಇಟ್ಟುಕೊಂಡೆ. ಈ ಪದದ ಬೇರು ‘ಜನ’ ಎಂಬ ಅರ್ಥದ ಹಳೆಯ ಇಂಡೋ-ಯುರೋಪಿಯನ್ ಶಬ್ದ, ಹಳೆಯ ಐರಿಷ್‌ನಲ್ಲಿಯೂ ಗೋಥಿಕ್‌ನಲ್ಲಿಯೂ ಅದರ ಬಂಧುಗಳಿವೆ. ಅದರಿಂದ ಇದು ಹೆಸರಲ್ಲ, ಬಿರುದು ಎಂದು ಊಹಿಸಿದವರಿದ್ದಾರೆ. ಊಹೆಯೆಂದೇ ಬರೆದರೆ ತೊಂದರೆಯಿಲ್ಲ.

ಲೇಖನದ ಜೊತೆಗೆ ಚಿತ್ರ ಬೇಕೆಂದು ಸಂಪಾದಕರು ಕೇಳಿಯೇ ಕೇಳುತ್ತಾರೆ. ಆಕೆಯ ಕಾಲದ ಚಿತ್ರವಾಗಲಿ ಶಿಲ್ಪವಾಗಲಿ ಉಳಿದಿಲ್ಲ. ನನ್ನ ಲೇಖನಕ್ಕೆ ಪತ್ರಿಕೆಯವರು ಆಧುನಿಕ ಕಲಾವಿದರ ಚಿತ್ರವನ್ನು ಹಾಕಿ ‘ರಾಣಿಯ ಭಾವಚಿತ್ರ’ ಎಂದು ಅಚ್ಚುಮಾಡಿದ್ದರು, ನಾನೂ ಅಚ್ಚಿಗೆ ಹೋಗುವ ಮುನ್ನ ನೋಡಿರಲಿಲ್ಲ. ಅಲ್ಬೇನಿಯಾದ 100 ಲೆಕ್ ನಾಣ್ಯದ ಮೇಲೆ ತೆವುತಾಳ ಮುಖವಿದೆ, ಅದನ್ನು ಬಳಸಬಹುದು. ಅಡಿಬರಹವನ್ನು ಮಾತ್ರ ನೀವೇ ಬರೆದುಕೊಡಿ, ‘2000ನೇ ಇಸವಿಯ ಅಲ್ಬೇನಿಯಾದ ನಾಣ್ಯ, ಕಲಾವಿದರ ಕಲ್ಪನೆ’ ಎಂದು.