ತಮಟೆ ಮೇಳಕ್ಕೆ ಮುಂದಾಳು ಯಾಕೆ ಬೇಕು, ನಡುನಡುವೆ ತಮಟೆ ಕಾಯಿಸುವುದು ಯಾಕೆ?

ಚಿಂತಾಮಣಿ ಕಡೆಯ ತಮಟೆ ಮೇಳದಲ್ಲಿ ಸ್ವರಲಿಪಿಯ ಹಾಳೆ ಇರುವುದಿಲ್ಲ, ಮುಂದೆ ನಿಂತವರ ಕೈಯೇ ಎಲ್ಲ. ಅವರು ವರಸೆ, ಅಂದರೆ ಬಡಿತದ ಮಾದರಿ, ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ವೇಗ ಏರಿಸುವುದೂ ನಿಲ್ಲಿಸುವುದೂ ಅವರೇ. ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ವಾದ್ಯಕ್ಕೆ.

ಇನ್ನು ಕಾಯಿಸುವ ವಿಷಯ. ಮಂಜಿಗೋ ತುಂತುರಿಗೋ ಚರ್ಮ ತೇವ ಹೀರಿ ಸಡಿಲಾಗುತ್ತದೆ, ಪೆಟ್ಟು ‘ಟಣ್’ ಅನ್ನದೆ ‘ದಬ್’ ಅನ್ನುತ್ತದೆ. ಒಣಹುಲ್ಲಿನ ಉರಿಯೆದುರು ತಿರುಗಿಸುತ್ತಾ ಹಿಡಿದರೆ ಮತ್ತೆ ಬಿಗಿಯುತ್ತದೆ. ಒಂದೇ ಕಡೆ ಹಿಡಿದಿರೋ, ಚರ್ಮ ಸುಟ್ಟು, ಬಡಿದಾಗ ಹರಿಯುತ್ತದೆ. ಎಲ್ಲ ತಮಟೆಗಳನ್ನೂ ಒಟ್ಟಿಗೇ ಕಾಯಿಸಬೇಕು. ಒಂದು ತಣ್ಣಗಿದ್ದರೂ ಲಯ ತಪ್ಪದೆಯೇ ಮೇಳ ಒಡಕಾಗಿ ಕೇಳುತ್ತದೆ. ಫೈಬರ್ ತಮಟೆಗೆ ಈ ಕಷ್ಟವಿಲ್ಲ, ಆ ನಾದವೂ ಇಲ್ಲ ಬಿಡಿ.